ಅಕ್ಕ ಮುಚ್ಚಿದ ಟ್ಯಾಂಕು

ನಮ್ಮ ಊರಿನಲ್ಲಿ ಒಬ್ಬರು ಮುಚ್ಚಿದ ಮುಚ್ಚಳವನ್ನು ಇನ್ನೊಬ್ಬರಿಗೆ ತೆಗೆಯಲಾಗುವುದಿಲ್ಲ. ಬೀಗಕ್ಕೂ ಇದೇ ಮಾತು. ಯಾವ ಕೈ ಮುಚ್ಚಿತೋ ಅದೇ ಕೈ ಬಂದು ತೆಗೆಯಬೇಕು. ಹಾಗಾಗಿ ಬಸ್ಸಿನಲ್ಲಿ ಯಾರಾದರೂ ಕಾಫಿಪುಡಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸಪ್ಪೆ ಮುಖ ಮಾಡಿಕೊಂಡು ಕೂತಿದ್ದರೆ ಹೆಂಡತಿ ತವರಿಗೆ ಹೋಗಿದ್ದಾಳೆಂದು ನಮಗೆ ತಿಳಿದುಬಿಡುತ್ತದೆ, ಯಾರೂ ಕೆದಕಿ ಕೇಳುವುದಿಲ್ಲ. ಹಾಸಿಗೆ ಹಿಡಿದ ಹಿರಿಯರ ಮಂಚದ ಹತ್ತಿರ ಡಾಕ್ಟರಿಗಿಂತ ಮೊದಲು ಮನೆಯ ಡಬ್ಬಿಗಳು ಬರುತ್ತವೆ. ಅವರು ಒಂದೊಂದಾಗಿ ಎಲ್ಲವನ್ನೂ ತೆಗೆದುಕೊಟ್ಟು ಆಮೇಲೆ ನಿಶ್ಚಿಂತೆಯಿಂದ ಕಣ್ಣು ಮುಚ್ಚುತ್ತಾರೆ. ನಮ್ಮ ಅಪ್ಪನಂತೂ ಹದಿನೇಳು ಡಬ್ಬಿ, ಎರಡು ಟ್ರಂಕು ತೆಗೆದು, ಮೂರನೆಯ ಟ್ರಂಕಿಗೆ ಕೈ ಹಾಕುವ ಹೊತ್ತಿಗೆ ಏನೋ ಹುರುಪು ಬಂದು ಎದ್ದು ಕೂತು, ಗಂಜಿ ಕೇಳಿ, ಇನ್ನೂ ನಾಲ್ಕು ವರ್ಷ ಬದುಕಿದ. ಮದುವೆಯಲ್ಲಿ ಹೆಣ್ಣುಗಂಡು ಕೈಮೇಲೆ ಕೈಯಿಟ್ಟು ಒಂದು ಉಪ್ಪಿನಕಾಯಿ ಜಾಡಿ ಮುಚ್ಚುತ್ತಾರೆ. ಅದನ್ನು ತೆಗೆಯುವುದಕ್ಕೆ ಇಬ್ಬರೂ ಬೇಕು. ಗಂಡಹೆಂಡಿರು ಎಷ್ಟು ದಿನದಿಂದ ಮಾತು ಬಿಟ್ಟಿದ್ದಾರೆಂದು ಅವರ ಊಟದ ಎಲೆ ನೋಡಿಯೇ ಹೇಳಬಹುದು.

ನಾನು ಹೊನ್ನಪ್ಪ. ಬಸ್‌ಸ್ಟ್ಯಾಂಡಿನ ಎದುರಿನ ಸೌಖ್ಯ ಲಾಡ್ಜಿನ ಮಾಲೀಕ. ಒಟ್ಟು ಹದಿನಾಲ್ಕು ರೂಮು, ಬಳಕೆಯಲ್ಲಿರುವುದು ಹದಿಮೂರು. ಆರನೇ ನಂಬರಿಗೆ ಬೀಗ ಹಾಕಿಕೊಂಡು ಬೆಳಗಿನ ಬಸ್ಸಿಗೆ ಓಡಿದ ಔಷಧಿ ಕಂಪನಿಯ ಮನುಷ್ಯ ಇನ್ನೂ ಹಿಂದಿರುಗಿಲ್ಲ. ಅವನು ಹಾಕಿಟ್ಟ ಫ್ಯಾನು ಒಳಗೆ ತಿರುಗುತ್ತಲೇ ಇದೆ.

ನನಗೆ ಒಬ್ಬಳೇ ಅಕ್ಕ, ದೇವೀರಮ್ಮ, ನನಗಿಂತ ಆರು ವರ್ಷ ದೊಡ್ಡವಳು. ಜಾಡಿ ಮುಚ್ಚುವ ತಂಟೆಯೇ ಬೇಡವೆಂದು ಮದುವೆಯಾಗಲಿಲ್ಲ. ಲಾಡ್ಜು ಕಟ್ಟಿದ್ದು ಅಪ್ಪ, ಗಲ್ಲಾಪೆಟ್ಟಿಗೆಯ ಹಿಂದೆ ಇಸ್ತ್ರಿ ಶರಟು ಹಾಕಿಕೊಂಡು ಕೂರುತ್ತಿದ್ದದ್ದು ನಾನು, ಉಳಿದದ್ದೆಲ್ಲ ಅವಳು. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಳದಲ್ಲಿ ಏಣಿ ಹಾಕಿಕೊಂಡು ತಾರಸಿಗೆ ಹತ್ತಿ, ಅಲ್ಲಿನ ಸಿಮೆಂಟ್ ಟ್ಯಾಂಕಿನೊಳಕ್ಕೆ ಇಳಿದು, ತೆಂಗಿನ ನಾರು ಹಿಡಿದು ಮೂಲೆಮೂಲೆಯನ್ನೂ ತಿಕ್ಕುತ್ತಿದ್ದಳು. ಕುಡಿಯುವ ನೀರು ಬಾವಿಯದು, ಸ್ನಾನಕ್ಕೆ ಮಾತ್ರ ಟ್ಯಾಂಕಿನದು, ಅದಕ್ಕೇಕೆ ಇಷ್ಟು ಒದ್ದಾಟ ಎಂದು ನಾನು ಕೇಳುತ್ತಿದ್ದೆ. ಬಂದವರು ನಮ್ಮ ನೀರಲ್ಲಿ ತಮ್ಮ ಕೊಳೆ ಬಿಟ್ಟುಹೋಗಲಿ, ನಮ್ಮ ಕೊಳೆ ಮೆತ್ತಿಕೊಂಡು ಹೋಗಬಾರದು ಎನ್ನುತ್ತಿದ್ದಳು.

ಹನ್ನೆರಡು ವರ್ಷದ ಹಿಂದೆ ಒಂದು ಅಮಾವಾಸ್ಯೆಯ ಮಾರನೆಯ ದಿನ ಊರಲ್ಲಿ ದೊಡ್ಡ ಮದುವೆಯಿತ್ತು. ಗಂಡಿನ ಕಡೆಯವರು ಹಿಂದಿನ ದಿನವೇ, ನಮ್ಮಕ್ಕ ಟ್ಯಾಂಕಿನಲ್ಲಿದ್ದಾಗಲೇ, ಎರಡು ಕಾರುಗಳಲ್ಲಿ ಬಂದಿಳಿದರು. ಸೂಟು ಹಾಕಿದವರು, ಕೈಬೆರಳಿಗೆಲ್ಲ ಉಂಗುರ ಹಾಕಿದವರು. ನಾನು ಕೈಜೋಡಿಸಿ ಅಂಗಳದಲ್ಲಿ ಅವರನ್ನು ಬರಮಾಡಿಕೊಳ್ಳುತ್ತಿದ್ದೇನೆ, ಅಷ್ಟರಲ್ಲಿ ಅಕ್ಕ ಏಣಿ ಇಳಿದು ಬಂದಳು. ಸೀರೆಯೆಲ್ಲ ಒದ್ದೆ, ಕೂದಲಿನಲ್ಲಿ ಪಾಚಿ, ಮೂಗಿನ ತುದಿಯಲ್ಲೂ ಪಾಚಿ. ಸೂಟಿನವರೊಬ್ಬರು ಇದು ಯಾರು ಎಂದು ಕೇಳಿದರು. ಎಂಥ ಕೆಟ್ಟ ಗಳಿಗೆಯೋ, ನನ್ನ ಬಾಯಿಂದ ಬಂದದ್ದು ಇಷ್ಟು: "ನೀರಿನ ಕೆಲಸದವಳು."

ಅಕ್ಕ ಏಣಿಯ ಕೊನೆಯ ಮೆಟ್ಟಿಲ ಮೇಲೆ ಇದ್ದಳು. ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ಅದೇ ಏಣಿಯನ್ನು ಮತ್ತೆ ಹತ್ತಿದಳು. ಟ್ಯಾಂಕಿನ ಕಬ್ಬಿಣದ ಮುಚ್ಚಳ ಮುಚ್ಚಿದ ಸದ್ದಿಗೆ ಮದುವೆಯವರು ಗುಡುಗೆಂದುಕೊಂಡು ಆಕಾಶ ನೋಡಿದರು. ಇಳಿದು ಬಂದು, ಏಣಿಯನ್ನು ತಾರಸಿಗೆ ಒರಗಿದ ಹಾಗೇ ಬಿಟ್ಟು, ತನ್ನ ಎರಡು ಸೀರೆ, ಶಾವಿಗೆ ಒರಳು ತೆಗೆದುಕೊಂಡು ಹೊರಟುಹೋದಳು. ಎರಡು ಬೀದಿ ಆಚೆ ಮನೆ ಹಿಡಿದು ಶಾವಿಗೆ ಒತ್ತಿ ಮಾರಿಕೊಂಡು ಇದ್ದುಬಿಟ್ಟಳು.

ಟ್ಯಾಂಕು ಒಡೆಯಬಹುದಿತ್ತಲ್ಲ ಎಂದು ಹೊರಗಿನವರು ಕೇಳುತ್ತಾರೆ. ಒಡೆಯಬಹುದು. ಆದರೆ ನಮ್ಮೂರಲ್ಲಿ ಒಬ್ಬರು ಮುಚ್ಚಿದ್ದನ್ನು ಇನ್ನೊಬ್ಬರು ಒಡೆದರೆ ಅವರ ಮನೆಯಲ್ಲಿ ಆಮೇಲೆ ಯಾರೂ ಒಂದು ಲೋಟ ನೀರು ಕುಡಿಯುವುದಿಲ್ಲ. ಲಾಡ್ಜು ಇಟ್ಟುಕೊಂಡವನು ಆ ಕೆಲಸ ಮಾಡಿದರೆ ಮುಗಿಯಿತು. ಹೊಸದೊಂದು ಪ್ಲಾಸ್ಟಿಕ್ ಟ್ಯಾಂಕು ತರಿಸಿದೆ. ಲಾರಿ ಡ್ರೈವರು ಅದನ್ನು ತಾರಸಿಗೆ ಏರಿಸಿ, ಒಳಗೆ ಕಸ ಬಿದ್ದೀತೆಂದು ಒಳ್ಳೆಯ ಮನಸ್ಸಿನಿಂದ ಮುಚ್ಚಳ ತಿರುಗಿಸಿ ಬಿಗಿ ಮಾಡಿ ಹೋದ. ಅವನು ಯಾವ ಊರಿನವನೋ ಏನೋ. ಆ ಟ್ಯಾಂಕಿನ ಮೇಲೆ ಕಾಗೆಗಳು ಕೂರುತ್ತವೆ. ಇನ್ನು ಅಕ್ಕನ ಮನೆಗೆ ಹೋಗಿ ತಪ್ಪಾಯಿತೆಂದು ಹೇಳುವುದೊಂದೇ ಉಳಿದಿದ್ದು. ಅದನ್ನು ನಾನು ನಾಳೆ ನಾಳೆ ಎಂದು ಹನ್ನೊಂದು ವರ್ಷ ತಳ್ಳಿದೆ. ಸತ್ಯ ಹೇಳಬೇಕೆಂದರೆ ನನಗೆ ನಾಚಿಕೆಯಾಗುತ್ತಿತ್ತು, ಆ ನಾಚಿಕೆಯನ್ನು ಸಿಟ್ಟು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಪಂಪಿನ ಪೈಪಿನಿಂದ ಮುಚ್ಚಿದ ಟ್ಯಾಂಕು ತುಂಬುತ್ತಿತ್ತು, ನಲ್ಲಿಯಲ್ಲಿ ನೀರಂತೂ ಬರುತ್ತಿತ್ತು. ಸ್ವಲ್ಪ ಹಸಿರು ಛಾಯೆ ಬಂದಾಗ ಗಿಡಮೂಲಿಕೆ ನೀರೆಂದು ಗಿರಾಕಿಗಳಿಗೆ ಹೇಳಿದ್ದೂ ಉಂಟು.

ಹೀಗಿರುವಾಗ ಹೋದ ವರ್ಷ ಬೇಸಿಗೆಯಲ್ಲಿ ಹಸನ್ಮುಖಿ ಸಂಘದವರು ಬಂದರು. ಎಲ್ಲ ಅರುವತ್ತು ದಾಟಿದವರು, ಹದಿನೆಂಟು ಜನ. ಊರೂರು ತಿರುಗಿ ಹತ್ತು ದಿನದ ಶಿಬಿರ ಮಾಡಿ ಬೆಳಿಗ್ಗೆ ಸಂಜೆ ಗುಂಪಾಗಿ ನಗುವುದು ಅವರ ಕಸುಬು. ಅವರ ಮುಖಂಡರು ತಿಪ್ಪೇಸ್ವಾಮಿ ಮೇಷ್ಟ್ರು, ಎಪ್ಪತ್ತನಾಲ್ಕು ವರ್ಷ, ದನಿ ಮಾತ್ರ ಶಾಲೆಯ ಗಂಟೆ. ಅವರ ಪದ್ಧತಿಯಲ್ಲಿ ಬೆಳಗಿನ ನಗು ಷವರಿನ ಕೆಳಗೇ ಶುರುವಾಗಬೇಕು. ಬಿಸಿನೀರು ಬಿಟ್ಟುಕೊಂಡು, ಹಬೆಯಲ್ಲಿ ನಿಂತು, ಬಾಯಿ ಅಗಲಿಸಿ, ಹೊಟ್ಟೆಯ ತಳದಿಂದ ಉಸಿರೆಳೆದುಕೊಂಡು ನಗಬೇಕು. ಬೆಳಿಗ್ಗೆ ಆರಕ್ಕೆ ಹದಿಮೂರು ಬಚ್ಚಲುಮನೆಗಳಿಂದ ಒಟ್ಟಿಗೆ ಹೋ ಹೋ ಎಂಬ ನಗು ಎದ್ದರೆ ಬಸ್‌ಸ್ಟ್ಯಾಂಡಿನಲ್ಲಿ ಮಲಗಿದ್ದ ದನಗಳೆಲ್ಲ ಎದ್ದು ನಿಲ್ಲುತ್ತಿದ್ದವು.

ಐದನೆಯ ದಿನ ನಗುವಿನ ರೀತಿ ಬದಲಾಯಿತು. ಮೊದಲು ಒಂದು ಖೊಕ್, ಆಮೇಲೆ ಉದ್ದಕ್ಕೆ ಖೊಕ್ ಖೊಕ್, ಮಧ್ಯೆ ಒಂದು ನರಳು. ಇದು ಹೊಸ ಪಾಠವಿರಬೇಕೆಂದು ನಾನು ತಿಳಿದೆ. ಆರನೆಯ ದಿನ ಒಂಬತ್ತು ಜನ ಅದೇ ರೀತಿ ನಗುತ್ತಿದ್ದರು. ಎಂಟನೇ ನಂಬರಿನ ಅಮ್ಮನೊಬ್ಬರು ಕಂಬಳಿ ಹೊದ್ದು ಗಡಗಡ ನಡುಗುತ್ತ ಬಾಗಿಲಿಗೆ ಬಂದಾಗ, ನಿಮ್ಮದು ಬಹಳ ಚೆನ್ನಾಗಿ ಬರುತ್ತಿದೆ ಎಂದು ನಾನು ಹೊಗಳಿದೆ. ಅವರು ನನ್ನನ್ನು ದುರುಗುಟ್ಟಿಕೊಂಡು ನೋಡಿ, ಜ್ವರ ನೂರ ಮೂರು ಎಂದರು. ಅವತ್ತು ಮಧ್ಯಾಹ್ನ ತಿಪ್ಪೇಸ್ವಾಮಿ ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದು ಕೂತರು. ಅವರನ್ನು ಸರ್ಕಾರಿ ಆಸ್ಪತ್ರೆಗೆ ಎತ್ತಿಕೊಂಡು ಹೋದೆವು.

ಆಸ್ಪತ್ರೆಯ ಡಾಕ್ಟರು ವಾರಿಜಾ. ಬೇರೆ ಊರಿನವರು, ಬಂದು ಮೂರು ವರ್ಷವಾಗಿತ್ತು. ಬಂದ ಹೊಸದರಲ್ಲಿ ನರ್ಸು ಔಷಧಿ ಸೀಸೆಗಳನ್ನೆಲ್ಲ ಮುಚ್ಚಿ ರಜೆ ಹಾಕಿದ ಒಂದೇ ದಿನಕ್ಕೆ ಊರಿನ ರೀತಿ ಅವರಿಗೆ ಅರ್ಥವಾಗಿಹೋಗಿತ್ತು. ಮೇಷ್ಟ್ರ ಎದೆಯ ಫೋಟೊ ನೋಡಿದರು. ಲಾಡ್ಜಿಗೆ ಬಂದು ಷವರುಗಳನ್ನು ಬಿಚ್ಚಿಸಿ, ನೀರನ್ನು ಸೀಸೆಯಲ್ಲಿ ಹಿಡಿದು ಜಿಲ್ಲೆಗೆ ಕಳಿಸಿದರು. ಷವರಿನ ತೂತುಗಳಿಂದ ಲೋಳೆ ನೂಲಿನ ಹಾಗೆ ಇಳಿಯಿತು. ನಮ್ಮ ಕುಡಿಯುವ ನೀರು ಬಾವಿಯದು ಮೇಡಂ ಎಂದು ನಾನು ಶುರು ಮಾಡಿದೆ. ಇದು ಕುಡಿದು ಬರುವ ಕಾಯಿಲೆಯಲ್ಲ, ನಿಂತ ನೀರಿನ ಲೋಳೆಯಲ್ಲಿ, ಅದರಲ್ಲೂ ಉಗುರುಬೆಚ್ಚಗಿನ ನೀರಿನಲ್ಲಿ ಬೆಳೆಯುವ ಕ್ರಿಮಿ, ಹಬೆಯ ಜೊತೆ ಉಸಿರಿನೊಳಕ್ಕೆ ಹೋಗಿ ಎದೆ ಹಿಡಿಯುತ್ತದೆ ಎಂದು ಅವರು ಹೇಳಿದರು. ಅಂಥ ನೀರಿನ ಕೆಳಗೆ ನಿಂತು ಬಾಯಿ ಅಗಲಿಸಿ ನಗಲು ಯಾರು ಹೇಳಿದರು ಎಂದೂ ಕೇಳಿದರು. ಆಮೇಲೆ ತಾರಸಿಗೆ ಹತ್ತಿ ಟ್ಯಾಂಕಿನ ಮುಚ್ಚಳವನ್ನು ಎತ್ತಲು ನೋಡಿದರು. ಅಲ್ಲಾಡಲಿಲ್ಲ.

ಎರಡು ದಿನಕ್ಕೆ ಜಿಲ್ಲೆಯಿಂದ ಉತ್ತರ ಬಂತು. ಡಾಕ್ಟರು ಹೇಳಿದ್ದೇ ಸರಿಯಾಗಿತ್ತು. ಅವರು ನನ್ನನ್ನು ಕರೆಸಿ, ಮೇಜಿನ ಮೇಲೆ ಒಂದು ದೊಡ್ಡ ಹಿತ್ತಾಳೆ ಬೀಗವಿಟ್ಟರು. "ನಾಳೆ ಸಂಜೆ ಐದಕ್ಕೆ ಟ್ಯಾಂಕು ತೆಗೆದು ತೊಳೆದಿರಬೇಕು. ಇಲ್ಲದಿದ್ರೆ ಲಾಡ್ಜಿನ ಬಾಗಿಲಿಗೆ ನಾನೇ ನನ್ನ ಕೈಯಾರೆ ಇದನ್ನ ಹಾಕ್ತೀನಿ. ಹೊನ್ನಪ್ಪನವರೇ, ತಿಂಗಳ ಕೊನೆಗೆ ನನಗೆ ವರ್ಗ ಆಗಿದೆ, ಗೊತ್ತಲ್ಲ?"

ಗೊತ್ತಿಲ್ಲದೆ ಏನು. ಅವರು ಹಾಕಿದ ಬೀಗವನ್ನು ಅವರೇ ಬಂದು ತೆಗೆಯಬೇಕು. ಅವರು ಹೋಗುತ್ತಿದ್ದದ್ದು ಎರಡು ರಾತ್ರಿ ರೈಲಿನಷ್ಟು ದೂರಕ್ಕೆ. ಅಪ್ಪ ಕಟ್ಟಿದ ಲಾಡ್ಜು ಆರನೇ ನಂಬರ್ ರೂಮಿನ ಹಾಗೆ ನಿಂತುಬಿಡುವುದು ನನ್ನ ಕಣ್ಣಿಗೆ ಕಟ್ಟಿತು. ಬೀಗದ ಮಾತು ಬಿಡಿ, ಹೊರಗೆ ಬರುವಾಗ ಮೇಷ್ಟ್ರ ಮಂಚ ದಾಟಿ ಬರಬೇಕಾಗಿತ್ತು. ಮೂಗಿಗೆ ನಳಿಗೆ ಹಾಕಿದ್ದರು. ನನ್ನನ್ನು ಕಂಡು ನಗಲು ನೋಡಿದರು, ಆಗಲಿಲ್ಲ. ಆ ಗಂಟೆಯಂಥ ದನಿಯ ಮನುಷ್ಯ ನನ್ನ ನೀರಿನಿಂದ ಹೀಗಾದರಲ್ಲ ಎಂದುಕೊಂಡು ಅವರ ಜಾರಿದ ಕಂಬಳಿ ಎಳೆದು ಹೊದಿಸಿದೆ.

ನೇರವಾಗಿ ಅಕ್ಕನ ಮನೆಗೆ ಹೋದೆ. ದಾರಿಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಕೊಂಡೆ. ಅವಳು ಅಂಗಳದಲ್ಲಿ ಹಗ್ಗ ಕಟ್ಟಿ ಶಾವಿಗೆ ಒಣಗಹಾಕುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ನಾನು ಬಾಳೆಹಣ್ಣು ಜಗುಲಿಯ ಮೇಲಿಟ್ಟು ಬಿಸಿಲಿನ ಮಾತೆತ್ತಿದೆ, ಶಾವಿಗೆಯ ಮಾತೆತ್ತಿದೆ, ಕೊನೆಗೆ ಲಾಡ್ಜಿನಲ್ಲಿ ಜನಕ್ಕೆ ಕಾಯಿಲೆಯಾಗಿದೆ, ಟ್ಯಾಂಕು ಸ್ವಲ್ಪ ತೆಗೆಯಬೇಕಿತ್ತು ಎಂದೆ. ತಪ್ಪಾಯಿತು ಎನ್ನುವ ಮಾತೊಂದನ್ನು ಮಾತ್ರ ಎತ್ತಲಿಲ್ಲ.

ಅವಳು ತಿರುಗಿಯೂ ನೋಡಲಿಲ್ಲ. "ನೀರಿನ ಕೆಲಸದೋರು ಬೇಕಾಗಿದ್ರೆ ಸಂತೆ ಬೀದಿ ಕಡೆ ವಿಚಾರ್ಸಿ ಸ್ವಾಮಿ, ಸಿಕ್ತಾರೆ," ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎತ್ತಿ ಆಡಿಸಿದ ಅಕ್ಕ ನನ್ನನ್ನು ಸ್ವಾಮಿ ಎಂದದ್ದನ್ನು ಹೊತ್ತುಕೊಂಡು ಮನೆಗೆ ಬಂದೆ. ನಡೆದದ್ದನ್ನು ಕೇಳಿದ ನನ್ನ ಹೆಂಡತಿ ಪಂಕಜ, ತಪ್ಪಾಯಿತು ಎಂದೆಯೋ ಇಲ್ಲವೋ ಎಂದು ಒಂದೇ ಪ್ರಶ್ನೆ ಕೇಳಿದಳು. ಅದೆಲ್ಲ ಮಾತಿನಲ್ಲೇ ಅರ್ಥವಾಗುವ ಹಾಗೆ ಇತ್ತು ಎಂದೆ. ಅವಳು ಒಳಗೆ ಹೋಗಿ ಒಂದೊಂದಾಗಿ ಕಾಫಿಪುಡಿ, ಅವಲಕ್ಕಿ, ಸಕ್ಕರೆ, ಬೇಳೆ ಎಲ್ಲ ಡಬ್ಬಿಗಳನ್ನೂ ಟಪ ಟಪ ಮುಚ್ಚಿದಳು. ಕೊನೆಗೆ ನನ್ನ ಮುಂದಿದ್ದ ನಸ್ಯದ ಡಬ್ಬಿಯನ್ನು ಕೂಡ ಮುಚ್ಚಿದಳು. "ನಾನು ಅತ್ತಿಗೆ ಮನೇಲಿರ್ತೀನಿ," ಎಂದು ಹೇಳಿ ಹೊರಟಳು. ಅಕ್ಕನ ಮನೆಗೆ ಹೋಗಿಬರುವುದು ಅವಳಿಗೆ ಹೊಸದಲ್ಲ, ಹನ್ನೊಂದು ವರ್ಷವೂ ವಾರಕ್ಕೊಮ್ಮೆ ಹೋಗುತ್ತಿದ್ದಳಂತೆ. ನಮ್ಮ ಮನೆಯ ಪಾಯಸಕ್ಕೆ ಶಾವಿಗೆ ಎಲ್ಲಿಂದ ಬರುತ್ತಿತ್ತೆಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಕಾಫಿಯಿಲ್ಲ, ನಸ್ಯವಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲಾಡ್ಜಿಗೆ ಬಂದರೆ ಹಸನ್ಮುಖಿ ಸಂಘದವರು ಹಜಾರದಲ್ಲಿ ನನಗಾಗಿ ಕಾದಿದ್ದರು. ಟ್ಯಾಂಕು ಮುಚ್ಚಿದವರು ಎರಡು ಬೀದಿ ಆಚೆಯೇ ಇದ್ದಾರೆ, ಮಾಲೀಕರ ಮೇಲೆ ಮುನಿದಿದ್ದಾರೆ ಎಂದು ಯಾರೋ ಹೇಳಿದ್ದರು. ಎಂಟನೇ ನಂಬರಿನ ಅಮ್ಮ, ನೀವು ಮುಂದೆ ನಡೀರಿ, ನಾವು ಹಿಂದೆ ಬರ್ತೀವಿ ಎಂದರು. ಹೀಗೆ ನಾನು ಮುಂದೆ, ನನ್ನ ಹಿಂದೆ ಶಾಲು ಹೊದ್ದ, ಮಫ್ಲರು ಸುತ್ತಿದ ಹನ್ನೊಂದು ಜನ ಮುದುಕ ಮುದುಕಿಯರು ಖೊಕ್ ಖೊಕ್ ಎನ್ನುತ್ತ ಹೊರಟೆವು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಇಷ್ಟು ಜನರ ಎದುರಿಗೆ ಹೇಗಪ್ಪ ಎಂದು ಒಂದು ತಿರುವಿನಲ್ಲಿ ನನ್ನ ಕಾಲು ನಿಂತಿತು. ಹಿಂದೆ ತಿರುಗಿ ಓಡೋಣವೆಂದರೆ ಬೀದಿ ತುಂಬ ಕೆಮ್ಮುವವರು.

ಅಕ್ಕ ಜಗುಲಿಗೆ ಬಂದಳು. ಹಿಂದೆ ಪಂಕಜ, ಕೈಯಲ್ಲಿ ಕಾಫಿ ಲೋಟ. ನಾನು ಅಕ್ಕನ ಕಡೆ ನೋಡಿದರೆ ಮಾತು ಬರುವುದಿಲ್ಲವೆಂದು ಗೊತ್ತಿತ್ತು. ಆ ಹನ್ನೊಂದು ಜನರ ಕಡೆಗೇ ತಿರುಗಿ ನಿಂತೆ.

"ಇವಳು ನಮ್ಮಕ್ಕ, ದೇವೀರಮ್ಮ," ಎಂದೆ. "ನಮ್ಮ ಲಾಡ್ಜಿನ ನೀರನ್ನ ಕನ್ನಡಿ ಹಂಗೆ ಇಟ್ಟಿದ್ದೋಳು. ಮದುವೆಗೆ ಬಂದಿದ್ದ ದೊಡ್ಡೋರ ಮುಂದೆ ನಾನು ಇವಳನ್ನ ಅಕ್ಕ ಅನ್ನೋಕೆ ನಾಚಿಕೊಂಡು ಕೆಲಸದೋಳು ಅಂದುಬಿಟ್ಟೆ. ನಿಮ್ಮ ಜ್ವರ ಟ್ಯಾಂಕಿಂದ ಬಂದಿದ್ದಲ್ಲ, ನನ್ನ ಬಾಯಿಂದ ಬಂದಿದ್ದು. ತಪ್ಪಾಯ್ತು. ತಪ್ಪಾಯ್ತಕ್ಕ."

ಅಕ್ಕ ಅವರ ಮುಖಗಳನ್ನು ಒಂದೊಂದಾಗಿ ನೋಡಿದಳು, ನನ್ನದೊಂದನ್ನು ಬಿಟ್ಟು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏಣಿ ಎಲ್ಲಿಟ್ಟಿದೀಯ?" ಎಂದು ಕೇಳಿದಳು.

ಏಣಿ ಹನ್ನೊಂದು ವರ್ಷದಿಂದ ಅವಳು ಬಿಟ್ಟುಹೋದ ಜಾಗದಲ್ಲೇ ಇತ್ತು. ಡಾಕ್ಟರು ಸುದ್ದಿ ತಿಳಿದು ಬಂದು, ಮೂಗುಬಾಯಿಗೆ ಕಟ್ಟಿಕೊಳ್ಳಲು ಮಾಸ್ಕು, ಕೈಗೆ ಗವಸು ಕೊಟ್ಟರು. ಅಕ್ಕ ಮುಚ್ಚಳಕ್ಕೆ ಕೈ ಹಾಕಿದ್ದೇ ತಡ, ಅದು ಕಾಫಿ ಡಬ್ಬಿಯದರ ಹಾಗೆ ಎದ್ದುಬಂತು. ಒಳಗಿಂದ ಬಂದ ವಾಸನೆಗೆ ಪ್ಲಾಸ್ಟಿಕ್ ಟ್ಯಾಂಕಿನ ಮೇಲಿದ್ದ ಕಾಗೆಗಳೆಲ್ಲ ಹಾರಿಹೋದವು. ಬಗ್ಗಿ ನೋಡಿದೆ. ಮೊಣಕಾಲುದ್ದ ಲೋಳೆ, ಗೋಡೆಗೆಲ್ಲ ಕಂದು ಪಾಚಿ, ಒಂದು ಮೂಲೆಯಲ್ಲಿ ಅವಳು ಅವತ್ತು ಬಿಟ್ಟುಹೋಗಿದ್ದ ತೆಂಗಿನ ನಾರು. ಇದರಲ್ಲೇ ಹನ್ನೊಂದು ವರ್ಷ ಜನರನ್ನು ಮೀಯಿಸಿದ್ದೆ. ಕಣ್ಣಲ್ಲಿ ನೀರು ಬಂತು, ವಾಸನೆಗೆ ಎಂದುಕೊಂಡರು ಎಲ್ಲ.

ನಾನೂ ಇಳಿಯುತ್ತೇನೆ ಎಂದೆ. "ಬ್ಯಾಡಪ್ಪ, ಇಸ್ತ್ರಿ ಶರಟು ಕೊಳೆಯಾಗುತ್ತೆ," ಎಂದಳು ಅಕ್ಕ. ಶರಟು ಬಿಚ್ಚಿ ಕಾಗೆಗಳ ಟ್ಯಾಂಕಿನ ಮೇಲೆಸೆದು ನಾನೂ ಮಾಸ್ಕು ಕಟ್ಟಿಕೊಂಡು ಇಳಿದೆ. ನಾಲ್ಕು ಗಂಟೆ ತಿಕ್ಕಿದೆವು. ಅಲ್ಲಿ ಉಳಿದಿದೆ, ಇಲ್ಲಿ ಉಳಿದಿದೆ, ಕಣ್ಣು ಎಲ್ಲಿಟ್ಟಿದೀಯ ಹೊನ್ನ ಎಂದು ಅವಳು ಬಯ್ಯುತ್ತಲೇ ಇದ್ದಳು. ಸ್ವಾಮಿ ಹೋಗಿ ಹೊನ್ನ ಆಗಿದ್ದೆನಲ್ಲ, ಬಯ್ಗುಳ ಕಿವಿಗೆ ಹಿತವಾಗಿತ್ತು. ಐದಕ್ಕೆ ಡಾಕ್ಟರು ಹಿತ್ತಾಳೆ ಬೀಗ ಹಿಡಿದುಕೊಂಡೇ ಮತ್ತೆ ತಾರಸಿಗೆ ಬಂದರು. ಬ್ಯಾಟರಿ ಬಿಟ್ಟು ಮೂಲೆಮೂಲೆ ನೋಡಿದರು. ಬೀಗವನ್ನು ಚೀಲಕ್ಕೆ ಹಾಕಿಕೊಂಡು, ಕ್ಲೋರಿನ್ ಅಳತೆ ಹೇಳಿ, ಎಲ್ಲ ನಲ್ಲಿಗಳನ್ನೂ ಬಿಡಿಸಿ ನೀರು ಹರಿಸಿ, ನೀರಿನ ಎರಡನೆಯ ಪರೀಕ್ಷೆ ಬರುವವರೆಗೆ ಒಬ್ಬರಿಗೂ ಸ್ನಾನವಿಲ್ಲವೆಂದು ಅಪ್ಪಣೆ ಮಾಡಿದರು.

ಉಳಿದದ್ದು ಮುಚ್ಚುವುದು. ಅಕ್ಕ ಮುಚ್ಚಳ ಹಿಡಿದು ನಿಂತವಳು ನನ್ನ ಕಡೆ ನೋಡಿದಳು. "ಕೈ ಇಡು," ಎಂದಳು. ನನ್ನ ಕೈ ಯಾಕಕ್ಕ ಎಂದೆ. "ಇಡೋ ಅಂದ್ರೆ ಇಡು."

ಇಟ್ಟೆ. ಅವಳ ಅಂಗೈ ಒರಟಾಗಿತ್ತು, ಚಿಕ್ಕಂದಿನಲ್ಲಿ ನನ್ನನ್ನು ಸಂತೆಗೆ ಹಿಡಿದುಕೊಂಡು ಹೋಗುತ್ತಿದ್ದದ್ದು ಅದೇ ಕೈ. ಇಬ್ಬರೂ ಸೇರಿ ಮುಚ್ಚಿದೆವು. ಸದ್ದಾದ ಮೇಲೆ ನನಗೆ ಹೊಳೆಯಿತು, ಇನ್ನು ಈ ಟ್ಯಾಂಕನ್ನು ಅವಳೊಬ್ಬಳೇ ತೆಗೆಯಲಾರಳು, ನಾನೊಬ್ಬನೇ ತೆಗೆಯಲಾರೆ. ಪ್ರತಿ ಅಮಾವಾಸ್ಯೆಯೂ ಇಬ್ಬರೂ ಏಣಿ ಹತ್ತಬೇಕು, ನನಗೆ ಮಂಡಿನೋವಿರಲಿ, ಅವಳಿಗೆ ಮುನಿಸಿರಲಿ. ಪಂಕಜ ಮನೆಗೆ ಬಂದು ಡಬ್ಬಿಗಳನ್ನು ತೆಗೆದಳು. ನಸ್ಯದ್ದನ್ನು ಮಾತ್ರ ಇವತ್ತಿನವರೆಗೂ ತೆಗೆದಿಲ್ಲ.

ಮೇಷ್ಟ್ರು ಇನ್ನೂ ಎಂಟು ದಿನ ಮಲಗಿದ್ದರು. ಒಂಬತ್ತನೆಯ ದಿನ ಅಕ್ಕ ಶಾವಿಗೆ ಪಾಯಸ ತೆಗೆದುಕೊಂಡು ಆಸ್ಪತ್ರೆಗೆ ಹೋದಳು. ಡಬ್ಬಿಯನ್ನು ಮುಚ್ಚಿದ್ದು ಪಂಕಜ ಎಂಬುದು ಅಲ್ಲಿಗೆ ಹೋದಮೇಲೆ ನೆನಪಾಯಿತು. ಇಬ್ಬರೂ ಡಬ್ಬಿಯನ್ನು ನೋಡುತ್ತ ಸ್ವಲ್ಪ ಹೊತ್ತು ಕೂತರಂತೆ. ಆಮೇಲೆ ಮೇಷ್ಟ್ರು ನಕ್ಕರು. ಆ ನಗು ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿತು, ದನಗಳು ಎದ್ದು ನಿಂತವು. ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕೂತವನು ತಲೆ ಕೆಳಗೆ ಹಾಕಿ ಅತ್ತುಬಿಟ್ಟೆ.

ಈಗ ವರ್ಷವಾಯಿತು. ಮೊನ್ನೆ ಅಮಾವಾಸ್ಯೆಯ ದಿನ ಟ್ಯಾಂಕು ತೊಳೆದು, ಇಬ್ಬರೂ ಸೇರಿ ಮುಚ್ಚಿ, ಅಕ್ಕ ಮೊದಲು ಇಳಿದು ಸೀರೆ ಬದಲಾಯಿಸಿಕೊಂಡು ಗಲ್ಲಾಪೆಟ್ಟಿಗೆಯ ಹಿಂದೆ ಬಂದು ಕೂತಿದ್ದಳು. ನಾನು ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದೆ. ಒದ್ದೆ ಪಂಚೆ, ತಲೆಯಲ್ಲಿ ಸುಣ್ಣ, ಮೈಮೇಲೆ ಶರಟಿಲ್ಲ. ಅಷ್ಟರಲ್ಲಿ ಅಂಗಳಕ್ಕೆ ಒಂದು ಕಾರು ಬಂತು, ಸೂಟಿನವರೊಬ್ಬರು ಇಳಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಇವರು ಯಾರು ಎಂದು ಅಕ್ಕನನ್ನು ಕೇಳಿದರು.

ಅಕ್ಕ ರಿಜಿಸ್ಟರಿನಿಂದ ಕಣ್ಣೆತ್ತಲಿಲ್ಲ. "ನೀರಿನ ಕೆಲಸದವನು," ಎಂದಳು.

ನಾನು ಹೌದು ಸ್ವಾಮಿ ಎಂದು ತಲೆಯಾಡಿಸಿ, ಅವರ ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದೆ.